ಬಾಯಿಪಾಠದ ಹುಡುಗಿ ಪರೀಕ್ಷೆ ಬರೆದಳು

ಇಸ್ತ್ರಿ ಅಂಗಡಿಯ ಅಕ್ಕನಿಗೆ ಅಕ್ಷರ ಬಾರದು. ಗಿರಾಕಿಗಳು ಬಟ್ಟೆಗೆ ಚೀಟಿ ಚುಚ್ಚಿಟ್ಟು ಹೋದರೆ ಅದನ್ನು ಓದಿ ಹೇಳುವುದು ನಾಲ್ಕನೇ ಕ್ಲಾಸಿನ ಮಗಳ ಕೆಲಸ. ಬೀದಿಯವರೆಲ್ಲ ಆ ಹುಡುಗಿಯನ್ನು ಚಿನಕುರುಳಿ ಎಂದೇ ಕರೆಯುತ್ತಿದ್ದರು. ಪುಸ್ತಕ ಹಿಡಿದರೆ ಸಾಕು, ಅರಳು ಹುರಿದಂತೆ ಪಾಠ ಒಪ್ಪಿಸಿಬಿಡುತ್ತಿದ್ದಳು.

ಒಂದು ಸಂಜೆ ಪಕ್ಕದ ಮನೆಯ ನರ್ಸಮ್ಮ ತನ್ನ ತೆಳು ಶಾಲು ತೆಗೆದುಕೊಂಡು ಹೋಗಲು ಬಂದಳು. ಶಾಲಿನ ನಡುವೆ ಇಸ್ತ್ರಿಪೆಟ್ಟಿಗೆಯ ಅಚ್ಚು ಕರಕಲಾಗಿ ಬಿದ್ದಿತ್ತು.

“ಕಡಿಮೆ ಬಿಸಿ ಇಡು ಅಂತ ಚೀಟೀಲಿ ಬರ್ದಿದ್ನಲ್ಲಕ್ಕಾ?”

“ಅಯ್ಯೋ, ಬೇಗ ಬೇಕಂತೆ ಅಂತ ಓದಿದ್ಳಲ್ಲ ಇವ್ಳು!”

ತಾಯಿಯ ಕೈ ಮೇಲೆದ್ದಿತು. ನರ್ಸಮ್ಮ ತಡೆದಳು. ಚೀಟಿಯನ್ನು ಹುಡುಗಿಯ ಮುಂದಿಟ್ಟು, “ಇನ್ನೊಂದ್ಸಲ ಓದು ಪುಟ್ಟಾ” ಎಂದಳು.

ಚಿನಕುರುಳಿ ಚೀಟಿ ನೋಡಿದಳು, ಅಮ್ಮನನ್ನು ನೋಡಿದಳು. ಬಟ್ಟೆಗಂಟಿಗೆ ಮುಖ ಒತ್ತಿ ಅತ್ತುಬಿಟ್ಟಳು.

“ನಂಗೆ ಓದೋಕೇ ಬರಲ್ಲಮ್ಮ. ಎಲ್ಲರ ಜೊತೆ ಹೇಳಿ ಹೇಳಿ ಪಾಠ ಬಾಯಿಗೆ ಬಂದಿದೆ ಅಷ್ಟೇ. ಚೀಟಿ ಎಲ್ಲ ಊಹೆ ಮೇಲೆ ಹೇಳ್ತಿದ್ದೆ.”

ತಾಯಿ ಸ್ಟೂಲಿನ ಮೇಲೆ ಕುಸಿದು ಕೂತಳು. “ಮುಂದಿನ ವಾರ ಎಲ್ಲ ಶಾಲೇಲೂ ಓದು, ಲೆಕ್ಕದ ಪರೀಕ್ಷೆ ಇದ್ಯಂತೆ. ಎಲ್ರಿಗೂ ಒಂದೇ ಪ್ರಶ್ನೆಪತ್ರಿಕೆ. ನಾನಂತೂ ಕಳ್ಸಲ್ಲ. ಜ್ವರ ಅಂತ ಹೇಳ್ತೀನಿ. ಇಲ್ದಿದ್ರೆ ಮರ್ಯಾದೆ ಮೂರು ಕಾಸಿಗೆ ಹೋಗುತ್ತೆ.”

“ಅಲ್ಲಕ್ಕಾ, ನಾನು ದಿನಾ ಕೂಸುಗಳ ತೂಕ ನೋಡ್ತೀನಿ. ಕಮ್ಮಿ ಬಂದ್ರೆ ಕೂಸಿಗೆ ಬೈತೀವಾ? ಏನು ಉಣ್ಣಿಸ್ಬೇಕು ಅಂತ ಯೋಚಿಸ್ತೀವಿ. ತೂಕಾನೇ ನೋಡ್ಬೇಡಿ ಅಂದ್ರೆ ಕೂಸು ಸೊರಗೋದು ನಿಲ್ಲುತ್ತಾ?”

“ಕಡಿಮೆ ಬಂದ್ರೆ ಮೂರನೇ ಕ್ಲಾಸಿಗೆ ತಳ್ತಾರಂತಲ್ಲ!”

“ಅಂತೆಕಂತೆ ಬಿಡು. ನಡಿ, ಟೀಚರನ್ನೇ ಕೇಳೋಣ.”

ಮರುದಿನ ಮೂವರೂ ಶಾಲೆಗೆ ಹೋದರು. ಎಲ್ಲ ಕೇಳಿದ ಟೀಚರು ಹುಡುಗಿಯನ್ನು ಹತ್ತಿರ ಕರೆದು ಕೂರಿಸಿಕೊಂಡರು.

“ನಲವತ್ತು ಮಕ್ಕಳು ಒಟ್ಟಿಗೆ ಓದುವಾಗ ಇವಳ ದನೀನೇ ಎಲ್ಲರಿಗಿಂತ ಜೋರು. ಅದಕ್ಕೇ ಮೋಸ ಹೋದೆ. ತಪ್ಪು ನಂದು. ಈ ಪರೀಕ್ಷೇಲಿ ಪಾಸು ಫೇಲು ಇಲ್ಲಮ್ಮ, ಯಾರನ್ನೂ ಹಿಂದಕ್ಕೆ ಹಾಕಲ್ಲ. ಒಂದು ದಿನದ ಪರೀಕ್ಷೆ ಮಗೂನ ಪೂರ್ತಿ ಅಳೆಯೋದೂ ಇಲ್ಲ. ಆದ್ರೆ ಕಷ್ಟ ಇರೋ ಮಕ್ಕಳೇ ಅವತ್ತು ಮನೇಲಿ ಉಳಿದ್ರೆ, ಇಲ್ಲಿ ಎಲ್ಲ ಚೆನ್ನಾಗಿದೆ ಅಂತಾಗುತ್ತೆ. ಆಮೇಲೆ ಯಾರಿಗೆ ಸಹಾಯ ಮಾಡ್ಬೇಕು ಅಂತ ನಂಗೆ ಹೇಗೆ ಗೊತ್ತಾಗ್ಬೇಕು?”

ತಾಯಿ ಮಗಳತ್ತ ತಿರುಗಿದಳು. “ನೀನೇನಂತೀಯೇ?”

“ಬರೀತೀನಿ. ಆದ್ರೆ ನೀನು ಬೈಬಾರ್ದು.”

“ಬೈಯಲ್ಲ.”

ಹುಡುಗಿ ಪರೀಕ್ಷೆ ಬರೆದಳು, ಫಲಿತಾಂಶವೂ ಬಂತು. ಕೂಡುವುದು, ಕಳೆಯುವುದು ಎಲ್ಲ ಸರಿ. ವಾಕ್ಯದಲ್ಲಿ ಕೊಟ್ಟ ಲೆಕ್ಕಗಳ ಜಾಗ ಮಾತ್ರ ಖಾಲಿ. ಓದು ಒಂದನೇ ಕ್ಲಾಸಿನ ಮಟ್ಟದಲ್ಲಿತ್ತು. ಅದೇ ಕ್ಲಾಸಿನ ಇನ್ನೂ ಒಂಬತ್ತು ಮಕ್ಕಳ ಪಾಡೂ ಅದೇ. ಟೀಚರು ಆ ಹತ್ತು ಮಕ್ಕಳನ್ನು ದಿನಾ ಬೆಳಿಗ್ಗೆ ಅರ್ಧ ಗಂಟೆ ಬೇರೆ ಕೂರಿಸಿಕೊಂಡು ಕಾಗುಣಿತದಿಂದ ಶುರು ಮಾಡಿದರು. ಸುಲಭವೇನೂ ಇರಲಿಲ್ಲ. ಒತ್ತಕ್ಷರ ಬಂದಾಗಲೆಲ್ಲ ಚಿನಕುರುಳಿ ಮುಗ್ಗರಿಸುತ್ತಿದ್ದಳು. ಒಂದು ದಿನ ಪುಸ್ತಕ ಎಸೆದೂಬಿಟ್ಟಳು. ತಾಯಿ ಎತ್ತಿ ಧೂಳು ಒರೆಸಿ ಕೊಟ್ಟಳೇ ಹೊರತು ಬೈಯಲಿಲ್ಲ.

ನಾಲ್ಕು ತಿಂಗಳು ಕಳೆಯಿತು. ಒಂದು ರಜೆಯ ದಿನ ಹುಡುಗಿ ಅಂಗಡಿಯ ಮೂಲೆಯಲ್ಲಿ ಹೊಸ ಕಥೆಪುಸ್ತಕ ಹಿಡಿದು ಕೂತಿದ್ದಳು. ಯಾರೂ ಹೇಳಿಕೊಡದ ಕಥೆ. ಬೆರಳಿಟ್ಟು ನಿಧಾನವಾಗಿ ಓದುತ್ತಿದ್ದವಳು ಇದ್ದಕ್ಕಿದ್ದಂತೆ ಕಿಸಕ್ಕನೆ ನಕ್ಕಳು.

“ಏನೇ ಅದು?”

“ಕತ್ತೆ ಕನ್ನಡಿ ನೋಡ್ಕೊಂಡು, ‘ನಮಸ್ಕಾರ ಅಣ್ಣಾ’ ಅಂತಂತೆ! ಇಲ್ಲೇ ಬರ್ದಿದೆ ಅಮ್ಮಾ!”

ತಾಯಿ ಇಸ್ತ್ರಿಪೆಟ್ಟಿಗೆಯನ್ನು ಪಕ್ಕಕ್ಕಿಟ್ಟಳು. ಮಗಳ ಪಕ್ಕ ನೆಲದ ಮೇಲೆ ಕೂತು, “ಎಲ್ಲಿ, ನಂಗೂ ಓದು. ಮೊದಲಿಂದ” ಎಂದಳು.

ಅಪ್ಪಂದಿರೇ, ಅಮ್ಮಂದಿರೇ, ನಿಮ್ಮ ಮಗುವಿನ ಶಾಲೆಯಲ್ಲೂ ಓದು, ಲೆಕ್ಕದ ಪರೀಕ್ಷೆ ಬರಬಹುದು. ಅದು ಏತಕ್ಕೆಂದು ಟೀಚರನ್ನೇ ಕೇಳಿ. ಆ ದಿನ ಮಗುವನ್ನು ಮನೆಯಲ್ಲಿ ಬಚ್ಚಿಡಬೇಡಿ. ಫಲಿತಾಂಶ ಬಂದಾಗ “ಎಷ್ಟು ಬಂತು?” ಎಂದು ಗದರಬೇಡಿ. “ಎಲ್ಲಿ ಕಷ್ಟ ಆಗ್ತಿದೆ ಪುಟ್ಟಾ?” ಎಂದು ಕೇಳಿ. ಕೇಳಿದ ಮೇಲೆ, ಬೈಯದೆ ಪಕ್ಕದಲ್ಲಿ ಕೂರಿ.