ಏರಿ ಇಳಿಯುವ ಉಸಿರು

ನಾನು ಹುಲ್ಲು ಕತ್ತರಿಸುವ ಒಂದು ಯಂತ್ರ. ಕಾರ್ಖಾನೆಯಲ್ಲಿ ಮೊದಲ ಸಲ ಹಗ್ಗ ಎಳೆದಾಗ ಒಂದೇ ದನಿಯಲ್ಲಿ ಓಡಿದವನು. ಹುಬ್ಬಳ್ಳಿಯ ಡಾಕ್ಟರೊಬ್ಬರು ನನ್ನನ್ನು ಕೊಂಡು, ಕೆಲವು ಭಾನುವಾರ ಓಡಿಸಿ, ಹೊಟ್ಟೆಯಲ್ಲಿ ಪೆಟ್ರೋಲ್ ಇರುವಾಗಲೇ ಮೂಲೆಗೆ ತಳ್ಳಿ ಮರೆತರು. ಅದು ಪೆಟ್ರೋಲಿಗೆ ಗಾಳಿ ಬೆರೆಸುವ ಕಾರ್ಬುರೇಟರಿನೊಳಗೆ ಒಣಗಿ ಅಂಟಾಯಿತು. ನನ್ನ ನೆಮ್ಮದಿ ಅಲ್ಲಿಗೆ ಮುಗಿಯಿತು.

ಅಲ್ಲಿಂದ ಗದಗಿನ ಹುಡುಗಿಯರ ಹಾಕಿ ಮೈದಾನಕ್ಕೆ ಬಂದೆ. ಮೈದಾನ ನೋಡಿಕೊಳ್ಳುವವನು ಫಕೀರಪ್ಪ. ಅವನ ಕೈಯಲ್ಲಿ ನಾನು ಒಂದು ಗಳಿಗೆಯೂ ನೆಟ್ಟಗೆ ಉಸಿರಾಡಲಿಲ್ಲ. ಭರ್ರನೆ ಏರುವುದು, ಸಾಯುವಂತೆ ಇಳಿಯುವುದು, ಮತ್ತೆ ಏರುವುದು. ಅವನು ಬೈಯುವನು, ಒದೆಯುವನು, ವೇಗ ಹಿಡಿದಿಡುವ ಸ್ಪ್ರಿಂಗನ್ನು ಬಗ್ಗಿಸಿ ಬಿಗಿ ಮಾಡುವನು. ಒಂದು ಬೆಳಿಗ್ಗೆ ಇಳಿಜಾರಿನಲ್ಲಿ ನಾನು ಏಕಾಏಕಿ ಮುಂದಕ್ಕೆ ನುಗ್ಗಿದೆ. ಹಿಡಿಕೆ ಬಿಡದ ಫಕೀರಪ್ಪ ಗಟಾರಕ್ಕೆ ಬಿದ್ದು ಕಾಲು ಮುರಿದುಕೊಂಡ.

ಪಂದ್ಯಗಳು ಹತ್ತಿರ ಬಂದಿದ್ದವು. ಹುಲ್ಲಿನಲ್ಲಿ ಚೆಂಡೇ ಕಾಣುತ್ತಿರಲಿಲ್ಲ. ಕೆಲಸ ಬೇರೆಯವರ ಪಾಲಾದೀತೆಂದು ಅವನ ಹೆಂಡತಿ ಬಸಣ್ಣೆವ್ವ ಬಂದು ನಿಂತಳು. ಪ್ಲಾಸ್ಟರಿನ ಕಾಲು ಚಾಚಿ ಕಟ್ಟೆಯ ಮೇಲೆ ಕುಳಿತ ಗಂಡ ಅಲ್ಲಿಂದಲೇ ಕೂಗಿದ:

“ಸ್ಪ್ರಿಂಗ್ ಇನ್ನಷ್ಟು ಬಿಗಿ ಮಾಡು!”

“ಬಿಗಿ ಮಾಡೇ ಕಾಲು ಮುರ್ಕೊಂಡೀರಿ. ಸುಮ್ನ ಕುಂದರ್ರಿ.”

ಅವಳು ಹಳೆ ಪೆಟ್ರೋಲ್ ಚೆಲ್ಲಿ ಹೊಸದು ಹಾಕಿದಳು. ಗಾಳಿ ಸೋಸುವ ಸ್ಪಂಜು ತೊಳೆದು ಒಣಗಿಸಿದಳು. ನನ್ನ ಏದುಸಿರು ನಿಲ್ಲಲಿಲ್ಲ. ಸ್ಟಿಕ್ ಹಿಡಿದ ಹುಡುಗಿಯರು ಅಂಚಿನಲ್ಲಿ ಚಡಪಡಿಸುತ್ತಿದ್ದರು. ಕೊನೆಗೆ ಅವಳು ಗಾಳಿ ತಡೆಯುವ ಚೋಕನ್ನು ಅರ್ಧ ಎಳೆದಳು. ನನ್ನ ಓಟ ಸಮವಾಯಿತು. ಬಿಟ್ಟಳು, ಮತ್ತೆ ಹೊಯ್ದಾಡಿದೆ.

“ಗಾಳಿ ಕಮ್ಮಿ ಮಾಡಿದ್ರ ಸುಮ್ನ ಆಗತೈತಿ ನೋಡ್ರಿ! ಅಂದ್ರ ಇದಕ್ಕ ಪೆಟ್ರೋಲ್ ಸಾಲವಲ್ದು. ನಮ್ಮ ಸ್ಟೋವಿನ ತೂತು ಕಟ್ಟಿದಾಗ ಹಿಂಗ ಭುಸುಗುಡತಿತ್ತಲ್ಲ?”

ನನ್ನನ್ನು ನಿಲ್ಲಿಸಿ, ಪ್ಲಗ್ಗಿನ ವೈರು ಕಿತ್ತು, ಕಾರ್ಬುರೇಟರ್ ಬಿಚ್ಚಿದಳು. ಸೂಜಿಮೊನೆಯಷ್ಟು ತೂತಿನಲ್ಲಿ ಹಳದಿ ಅಂಟು. ಮೆತ್ತಗಿನ ತಾಮ್ರದ ಎಳೆಯಿಂದ ಅದನ್ನು ಬಿಡಿಸಿ, ಊದಿ, ಬೆಳಕಿಗೆ ಹಿಡಿದು ನೋಡಿದಳು. ಬಗ್ಗಿದ ಸ್ಪ್ರಿಂಗನ್ನೂ ಬದಲಿಸಿದಳು.

ಹಗ್ಗ ಎಳೆದಳು. ಹುಟ್ಟಿದ ದಿನದ ದನಿ ನನ್ನೊಳಗಿಂದ ಬಂತು. ಹುಡುಗಿಯರು ಕೇಕೆ ಹಾಕಿದರು. ಅವಳು ಮೈದಾನದ ಆ ತುದಿಗೆ ಹೋಗಿ ತಿರುಗಿ ಬಂದಳು. ಫಕೀರಪ್ಪ ತಲೆ ತಗ್ಗಿಸಿ ಅಂದ: “ಸುಮ್ಸುಮ್ನ ಒದ್ದೆ ನಾ ಅದನ್ನ.”

“ಕಾಲು ಕೂಡಿದ ಮ್ಯಾಲ ನೀವು ಸುಣ್ಣದ ಗೆರಿ ಹಾಕ್ರಿ,” ಎಂದಳು ಬಸಣ್ಣೆವ್ವ. “ಮಷಿನ್ ನನ್ನ ಕೈಯಾಗ ಇರ್ಲಿ.”

ಅವನು ಒಪ್ಪಿದ.

ಈಗ ನನ್ನ ಪಿಸ್ಟನ್ ಸವೆದಿದೆ, ಮೈಯೆಲ್ಲ ತುಕ್ಕು. ಶೆಡ್ಡಿನಲ್ಲಿ ಗೋಲಿನ ಹರಿದ ಬಲೆಗಳ ಪಕ್ಕ ಕುಳಿತಿದ್ದೇನೆ. ಹೊರಗೆ ಹೊಸ ಯಂತ್ರದ ಸದ್ದು ಎಲ್ಲಿ ತಪ್ಪೀತೋ ಎಂದು ಇಂದಿಗೂ ಜೀವ ತಳಮಳಿಸುತ್ತದೆ. ಹಸಿವಿನಿಂದ ಒದ್ದಾಡುವವನು ದೂರದಿಂದ ನೋಡುವವರಿಗೆ ರೊಚ್ಚಿಗೆದ್ದವನಂತೆಯೇ ಕಾಣುತ್ತಾನೆ. ಹತ್ತಿರ ಕೂತು ಕಿವಿಗೊಡುವವರು ಸಿಗುವುದು ಅಪರೂಪ. ನನಗೊಬ್ಬಳು ಸಿಕ್ಕಳು.