ದಾತೆ ಗುರೂಜಿಯ ಬಲಗೈ

ಮಹಾರಾಷ್ಟ್ರದ ವಾಯಿ ಊರಿನಲ್ಲಿ, ಕೃಷ್ಣಾ ನದಿಯ ಘಾಟಿನ ಮೇಲಿನ ಯೋಗಶಾಲೆಯಲ್ಲಿ ದಾತೆ ಗುರೂಜಿ ನಲವತ್ತು ವರ್ಷ ಕಲಿಸಿದ್ದು ಒಂದೇ ವಿದ್ಯೆ: ಮೈ ಸಡಿಲ ಬಿಡುವುದು. ನಾನು ಶಶಿಕಲಾ ಪೇಂಡ್ಸೆ, ಅಲ್ಲಿನ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುವವಳು. ಕತ್ತುನೋವೆಂದು ಹೋದವಳು ಹನ್ನೆರಡು ವರ್ಷ ಅಲ್ಲೇ ಅಂಟಿಕೊಂಡೆ. ಅವರಿಗೆ ನಾನು ಮಾಡಿದ್ದನ್ನು ನೆನೆದರೆ ಈಗಲೂ ತಲೆ ತಗ್ಗುತ್ತದೆ.

ಗುರೂಜಿಗೆ ನನ್ನ ವಿಜ್ಞಾನವೆಂದರೆ ಭಾರೀ ಮೋಹ. ಉಸಿರು ಎಳೆಯಲು ಸ್ನಾಯು ದುಡಿಯಬೇಕು, ಬಿಡುವಾಗ ಅದು ತಾನಾಗಿ ಹೊರಡುತ್ತದೆ ಎಂದು ಅವರು ಪಾಠ ಹೇಳುವರು. ಸ್ನಾಯು ಸಡಿಲಾಗಲೂ ಶಕ್ತಿ ಬೇಕು, ಅದಿಲ್ಲದೆಯೇ ಹೆಣ ಸೆಟೆಯುವುದು ಎಂದು ನಾನು ಸೇರಿಸುವೆ. ಪರಮಾಣುವಿನೊಳಗೆ ಮೇಲೇರಿದ ಎಲೆಕ್ಟ್ರಾನ್ ಅಲ್ಲಿ ನಿಲ್ಲಲಾರದೆ ಇಳಿಯುತ್ತದೆ, ಇಳಿಯುವಾಗ ಬೆಳಕು ಕೊಡುತ್ತದೆ ಎಂದು ಹೇಳಿದ ದಿನ ಅವರು ಶಿಷ್ಯರ ಕಡೆ ತಿರುಗಿದರು.

“ಕೇಳಿದ್ರೇನ್ರಪ್ಪಾ? ಹತ್ತಿದಾಗಲ್ಲ, ಇಳಿದಾಗ ಬೆಳಕು. ನೀವು ನೋಡಿದ್ರೆ ಮಲಗಿದಾಗಲೂ ಹಲ್ಲು ಕಚ್ಕೊಂಡಿರ್ತೀರಿ.”

ಒಮ್ಮೆ ಪುಣೆಯಿಂದ ನರರೋಗದ ವೈದ್ಯೆ ಡಾಕ್ಟರ್ ಖಾನೋಲ್ಕರ್ ಒಂದು ಯಂತ್ರ ತಂದರು. ಸ್ನಾಯುವಿನ ವಿದ್ಯುತ್ತನ್ನು ಅದು ಕಾಗದದ ಮೇಲೆ ಗೆರೆಯಾಗಿ ಬರೆಯುತ್ತಿತ್ತು. ಸ್ನಾಯು ಪೂರ್ತಿ ಸಡಿಲಾದರೆ ಗೆರೆ ನೇರ. ನೋಡಲು ಅರ್ಧ ಊರು ಸೇರಿತ್ತು. ವೈದ್ಯೆ ಗುರೂಜಿಯ ಉಸಿರು ಎಣಿಸಲು ಕುಳಿತರು, ಯಂತ್ರದ ಮುಂದೆ ನನ್ನನ್ನು ಕೂರಿಸಿದರು.

ಕೈಗಳಿಗೆ ತಂತಿ ಅಂಟಿಸಿಕೊಂಡು ಗುರೂಜಿ ಶವಾಸನದಲ್ಲಿ ಮಲಗಿದರು; ಗೆರೆ ಮೊದಲು ತೆಳ್ಳಗಾಯಿತು. ಆದರೆ ಬೆರಳುಗಳು ಬಿಚ್ಚಿಕೊಂಡದ್ದೇ ತಡ, ಬಲಗೈಯ ಗೆರೆ ಮುಳ್ಳುಮುಳ್ಳಾಗಿ ಎದ್ದಿತು, ಸೆಕೆಂಡಿಗೆ ಐದರಂತೆ. ಕಣ್ಣಿಗೆ ಕೈ ನಿಶ್ಚಲವಾಗಿಯೇ ಇತ್ತು. ಸಡಿಲ ಬಿಡಲು ಗುರೂಜಿಗೇ ಆಗುತ್ತಿಲ್ಲವಲ್ಲ ಎಂದುಕೊಂಡೆ. ‘ನಿದ್ದೆಗೆ ಇವರಿಟ್ಟ ಹೆಸರು ಯೋಗ’ ಎಂದು ಊರೆಲ್ಲ ಆಡಿಕೊಂಡು ನಗುವ ವಕೀಲರು ಹಿಂದೆಯೇ ಕುಳಿತಿದ್ದರು. ನಾನು ಯಂತ್ರದ ಸೂಕ್ಷ್ಮತೆ ತಗ್ಗಿಸುವ ಗುಂಡಿ ತಿರುಗಿಸಿ ಗೆರೆಯನ್ನು ಅಡಗಿಸಿಬಿಟ್ಟೆ; ಮುಳ್ಳು ಬಿದ್ದಷ್ಟು ಕಾಗದವನ್ನು ಆಮೇಲೆ ಹರಿದು ತೆಗೆದೆ. ಚಪ್ಪಾಳೆ ಬಿತ್ತು.

ಸಂಜೆ ಗುರೂಜಿ ನನ್ನೊಬ್ಬಳನ್ನೇ ಕರೆದರು.

“ಪೇಂಡ್ಸೆ ಬಾಯಿ, ನಿಜ ಹೇಳಿ. ಬಲಗೈಯೊಳಗೆ ಏನೋ ಗುಂಯ್ ಅಂತಿತ್ತು. ಪೂರ್ತಿ ಸಡಿಲಾಗಿತ್ತಾ?”

“ಪೂರ್ತಿ, ಗುರೂಜಿ.”

ಇದಕ್ಕೆ ಗೌರವ ಎಂದು ಹೆಸರಿಟ್ಟುಕೊಂಡೆ. ಬಾಯಿಬಿಟ್ಟು ಕೇಳಿದವರಿಗೂ ನಿಜ ಹೇಳದಿರುವುದು ಎಂಥ ಗೌರವವೋ.

ಆಮೇಲೆ ಅವರ ಬಲಗೈಯಲ್ಲಿ ಸದಾ ಸುತ್ತಿದ ಪೇಪರು. ಅವರ ಹೆಂಡತಿ ಮಾಯಿ ಚಹಾ ಕೊಡುತ್ತ, “ಓದೋದೂ ಇಲ್ಲ, ಕೆಳಗಿಡೋದೂ ಇಲ್ಲ. ನನಗೆ ಸವತಿ ಆಗಿದೆ ಈ ಪೇಪರು,” ಅನ್ನುವರು. ನಾವೂ ನಕ್ಕೆವು. ಕ್ರಮೇಣ ಶವಾಸನ ಕಲಿಸುವುದನ್ನೇ ಅವರು ನಿಲ್ಲಿಸಿದರು. ಕೇಳಿದರೆ, “ನನಗೇ ಬಾರದ್ದನ್ನ ಏನಂತ ಕಲಿಸ್ಲಿ?” ಎಂದರು. ವಿನಯವೆಂದುಕೊಂಡೆವು.

ಒಂದೂವರೆ ವರ್ಷದ ಮೇಲೆ ಒಂದು ದಿನ ಪೇಪರು ಜಾರಿ ಬಿತ್ತು. ತೊಡೆಯ ಮೇಲೆ ಬರಿದಾದ ಕೈ ನಡುಗತೊಡಗಿತು, ಹೆಬ್ಬೆರಳು ಏನನ್ನೋ ಉಂಡೆ ಕಟ್ಟುವ ಹಾಗೆ. ಗುರೂಜಿ ಅದನ್ನು ಶಾಲಿನೊಳಗೆ ತುರುಕಿದರು. ಕದ್ದು ಸಿಕ್ಕಿಬಿದ್ದವರ ಹಾಗಿತ್ತು ಅವರ ಮುಖ. ಮಾಯಿ ಹಟ ಹಿಡಿದು ಅವರನ್ನು ಪುಣೆಗೆ ಹೊರಡಿಸಿದರು. ಜೊತೆಗೆ ನಾನೂ ಹೋದೆ.

ಡಾಕ್ಟರ್ ಖಾನೋಲ್ಕರ್ ಕೈಯನ್ನು ಬಹಳ ಹೊತ್ತು ನೋಡಿದರು. “ಪಾರ್ಕಿನ್ಸನ್, ಗುರೂಜಿ. ಈ ನಡುಕ ಕೆಲಸ ಮಾಡೋ ಕೈಯಲ್ಲಿ ಅಡಗಿರುತ್ತೆ, ಸುಮ್ನೆ ಬಿಟ್ಟ ಕೈಯಲ್ಲಿ ಏಳುತ್ತೆ. ಆವತ್ತು ಯಂತ್ರದಲ್ಲಿ ಸುಳಿವೂ ಇರಲಿಲ್ವಲ್ಲ? ಇದ್ದಿದ್ರೆ ಆಗಲೇ ಔಷಧಿ ಶುರು ಮಾಡ್ತಿದ್ದೆ.”

“ಇತ್ತು,” ಎಂದೆ. “ನಾನು ಗುಂಡಿ ತಿರುಗಿಸಿದೆ.”

ಮಾಯಿ ನನ್ನ ಕಡೆ ನೋಡಿದ ನೋಟಕ್ಕೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಗುರೂಜಿ ವೈದ್ಯೆಯನ್ನೇ ಕೇಳಿದರು:

“ಅಂದ್ರೆ ಆವತ್ತು ಕೈ ಸಡಿಲಾಗೇ ಇತ್ತು?”

“ಹೌದು. ಅದಕ್ಕೇ ನಡುಗಿದ್ದು.”

ಅವರು ನನ್ನ ಕಡೆ ತಿರುಗಿದರು. “ಪೇಂಡ್ಸೆ ಬಾಯಿ, ನಲವತ್ತು ವರ್ಷ ಜನರಿಗೆ ಮೋಸ ಮಾಡಿದೆ ಅಂದ್ಕೊಂಡು ನಾನು ಒಂದೂವರೆ ವರ್ಷ ನಿದ್ದೆ ಮಾಡಿಲ್ಲ.”

ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಬಲಗೈಯನ್ನು ಎಲ್ಲರೆದುರು ತೊಡೆಯ ಮೇಲೆ ಇಟ್ಟು, ಅದು ನಡುಗುವುದನ್ನು ಅವರು ನೋಡುತ್ತ ಕುಳಿತರು. ನನಗೆ ನೋಡಲಾಗಲಿಲ್ಲ.