ಗುರುವಾರದ ಬೊಟ್ಟು

ತಮಟೆಯ ಸದ್ದು ಮನೆಯ ಮುಂದೆ ಹಾದುಹೋಗುವಾಗ ಭಾಗ್ಯಮ್ಮ ಸಗಣಿನೀರಿನ ಮಡಕೆ ಹಿಡಿದು ಬಾಗಿಲಲ್ಲಿ ನಿಂತಿದ್ದಳು. ಹೆಣ ದಾಟಿದ ಮೇಲೆ ಹೊಸ್ತಿಲು ತೊಳೆಯುವುದು ಊರಿನ ವಾಡಿಕೆ. ಆದರೆ ಹೊಸ್ತಿಲ ಮುಂದೆ ಕೆಮ್ಮಣ್ಣಿನ ಬೊಟ್ಟಿತ್ತು. ಈಗ ಚಟ್ಟದ ಮೇಲೆ ಹೋಗುತ್ತಿದ್ದ ಸೂಲಗಿತ್ತಿ ಸಪ್ಪಲಮ್ಮನೇ ಬೆಳಿಗ್ಗೆ ಇಟ್ಟದ್ದು. ಇಟ್ಟು ಹೋಗಿ ಮಲಗಿದವಳು ಮತ್ತೆ ಏಳಲಿಲ್ಲ.

"ಪೂರ್ತಿ ತೊಳಿಯಮ್ಮ," ಎಂದರು ಮಾವ ಆದಿನಾರಾಯಣಪ್ಪ, ಹೆಣಕ್ಕೆ ಕೈಮುಗಿಯುತ್ತಲೇ.

ಭಾಗ್ಯಮ್ಮ ತೊಳೆದಳು.

* * *

ಆ ಬೊಟ್ಟು ಮುನಿಸ್ವಾಮಿಗಾಗಿ. ನಲವತ್ತು ದಾಟಿದರೂ ಬುದ್ಧಿ ಐದು ವರ್ಷದ್ದು. ತಾಯಿ ಸತ್ತ ಮೇಲೆ ದಿಕ್ಕಿರಲಿಲ್ಲ. ಸಪ್ಪಲಮ್ಮ ತಾನು ಹೆರಿಗೆ ಮಾಡಿಸಿದ ಏಳು ಮನೆ ಆರಿಸಿ, ದಿನಕ್ಕೊಂದು ಮನೆಯ ಮುಂದೆ ಬೊಟ್ಟಿಡುತ್ತಿದ್ದಳು. ವಾರ ತಿಳಿಯದ ಮುನಿಸ್ವಾಮಿ ಉಣ್ಣುವ ತಣಿಗೆ ಹಿಡಿದು, ನೆಲ ನೋಡುತ್ತಾ ಬಂದು, ಬೊಟ್ಟಿದ್ದಲ್ಲಿ ಕೂರುತ್ತಿದ್ದ. ಆ ಮನೆಯವರು ಅವನನ್ನು ಮೀಯಿಸಿ ಉಣ್ಣಲಿಕ್ಕಬೇಕು, ಹೆದರಿ ಕಿರುಚಿದರೆ ಪಕ್ಕದಲ್ಲಿ ಕೂತು ಸಮಾಧಾನ ಮಾಡಬೇಕು. ಮೂಗು ಮುರಿದವರನ್ನು ಸಪ್ಪಲಮ್ಮ ಬೀದಿಯಲ್ಲೇ ನಿಲ್ಲಿಸಿ ಕೇಳುತ್ತಿದ್ದಳು.

ಉಸಿರಿಲ್ಲದೆ ಹುಟ್ಟಿದ ಭಾಗ್ಯಮ್ಮನ ಮಗುವನ್ನು ಬೆನ್ನು ತಟ್ಟಿ ಅಳಿಸಿದವಳೂ ಅವಳೇ. ಸೀರೆ ಕೊಡಲು ಹೋದರೆ ತಳ್ಳಿದ್ದಳು. "ಸೀರೆ ಬ್ಯಾಡ ಕಣವ್ವಾ. ನಿಮ್ಮನೇದು ಒಂದು ಗುರುವಾರ ಕೊಡು, ಸಾಕು." ಭಾಗ್ಯಮ್ಮ ಮಗುವಿನ ತಲೆ ಮುಟ್ಟಿ ಒಪ್ಪಿದ್ದಳು.

* * *

ಮಣ್ಣು ಮಾಡಿ, ಮಿಂದು ಬಂದ ಗಂಡಸರು ಭಾಗ್ಯಮ್ಮನ ಮನೆಯ ಜಗಲಿಯಲ್ಲಿ ಕೂತರು. ಸಪ್ಪಲಮ್ಮ ಪುಣ್ಯಾತ್ಗಿತ್ತಿ ಎಂದು ಒಬ್ಬರ ಮೇಲೊಬ್ಬರು ಹೊಗಳಿದರು. ಆಮೇಲೆ ಮಾತು ಯುದ್ಧಕ್ಕೆ, ಸರ್ಕಾರ ಲೆವಿಯೆಂದು ಕಡ್ಡಾಯವಾಗಿ ಅಳೆಸಿಕೊಂಡು ಒಯ್ದ ರಾಗಿಗೆ ಹೊರಳಿತು. ಇನ್ನು ಬೊಟ್ಟಿಡುವವರು ಯಾರೆಂದಾಗ ಎಲ್ಲರೂ ಪಕ್ಕದವರ ಮುಖ ನೋಡಿದರು.

"ನಾವೇನು ಇಕ್ಕಲ್ಲ ಅಂದ್ವಾ?" ಎಂದರು ಆದಿನಾರಾಯಣಪ್ಪ. "ಬೊಟ್ಟಿದ್ರೆ ಇಕ್ತಿದ್ವಿ."

ಎಲ್ಲರಿಗೂ ಹಾಯೆನಿಸಿತು. ಸತ್ತವಳ ಮೇಲೆ ಹೊರೆ ಹಾಕಿದರೆ ಅವಳೇನು ಎದ್ದು ಬಂದು ಜಗಳವಾಡುತ್ತಾಳೆಯೇ?

ಅಷ್ಟರಲ್ಲಿ ಮುನಿಸ್ವಾಮಿ ಬಂದ. ಒದ್ದೆ ನೆಲವನ್ನು ಬೆರಳಿಂದ ಮುಟ್ಟಿ ನೋಡಿದ. ಒಳಗೆ ಬಿಸಿ ಮುದ್ದೆಯಿತ್ತು. ಇವತ್ತು ಗುರುವಾರ, ಕೂತ್ಕೊ ಎನ್ನಲು ಭಾಗ್ಯಮ್ಮ ಬಾಯಿ ತೆರೆದಳು. ಮಾವ ತಿರುಗಿ ನೋಡಿದರು. ಅವಳು ಕಂಕುಳ ಮಗುವಿಗೆ ಹೊದಿಸಿದ್ದ ಸೆರಗು ಸರಿಪಡಿಸುತ್ತಾ ನಿಂತುಬಿಟ್ಟಳು. ತನ್ನ ಮೇಲೆ ತನಗೇ ಹೇಸಿಗೆಯಾಯಿತು.

ಮುನಿಸ್ವಾಮಿ ಮುಂದಿನ ಮನೆಗೆ ಹೋದ. ಅಲ್ಲೂ ಹೊಸ್ತಿಲು ಒದ್ದೆ. ಏಳೂ ಮನೆಗಳದ್ದು ಒದ್ದೆ.

ಸಂಜೆ ಭಾಗ್ಯಮ್ಮ ಹಿತ್ತಿಲಿಗೆ ಬಂದಾಗ ದೂರದ ಸುಡುಗಾಡು ಕಾಣಿಸಿತು. ಸಪ್ಪಲಮ್ಮನ ಗುಂಡಿಯ ಮೇಲೆ ಹಸಿ ಕೆಮ್ಮಣ್ಣು ಗುಡ್ಡೆಯಾಗಿ ಬಿದ್ದಿತ್ತು. ಅದರ ಮುಂದೆ ಮುನಿಸ್ವಾಮಿ ತಣಿಗೆ ಇಟ್ಟುಕೊಂಡು, ಚಕ್ಕಳಮಕ್ಕಳ ಹಾಕಿ, ಊಟಕ್ಕೆ ಕಾಯುತ್ತಾ ಕೂತಿದ್ದ.